ಜನ ಕಡಿಮೆಯಾದರು, ಆಫೀಸ್ ಮಾತ್ರ ಹಾಗೇ ಇದೆ: ಕಿರು ಅವಧಿಯ ಜಾಗಕ್ಕೆ ಹೋಗಬೇಕಾ?

ಪ್ರಶ್ನೆ: ನಮ್ಮದು ಸಾಫ್ಟ್‌ವೇರ್ ಸೇವೆ ಕೊಡುವ ಕಂಪನಿ. ಒಂದು ಕಾಲಕ್ಕೆ 110 ಜನ ಇದ್ದೆವು, ಈಗ 46. ಆಫೀಸ್ ಮಾತ್ರ 118 ಸೀಟಿನದ್ದೇ. ಲೀಸ್‌ನ ಲಾಕ್-ಇನ್ (ನಡುವೆ ಬಿಟ್ಟುಹೋಗಲು ಬಾರದ ಅವಧಿ) ಮುಗಿಯಲು ಇನ್ನೂ 14 ತಿಂಗಳಿದೆ. ಮುಂದಿನ ವರ್ಷ 35ಕ್ಕೆ ಇಳಿಯುತ್ತೇವೋ 60ಕ್ಕೆ ಏರುತ್ತೇವೋ ನಮಗೇ ಗೊತ್ತಿಲ್ಲ. ಸಜ್ಜಾದ ಆಫೀಸ್‌ಗಳನ್ನು ಬಾಡಿಗೆಗೆ ಕೊಡುವ ಒಂದು ಸಂಸ್ಥೆಯವರು 6 ತಿಂಗಳಿಗೆ ಒಂದು ದರ ಹೇಳಿದ್ದಾರೆ. 24 ತಿಂಗಳಿಗೆ ಸಹಿ ಹಾಕಿದರೆ ಅದರಲ್ಲಿ 20% ಕಡಿಮೆ ಅಂತಾರೆ. ಹೋಗುವುದು ಒಳ್ಳೆಯದಾ? ಹೋದರೆ ಏನೇನು ನೋಡಿಕೊಳ್ಳಬೇಕು? ಇನ್ನೊಂದು ಸಣ್ಣ ವಿಷಯ. ರಿಸೆಪ್ಷನ್ ಗೋಡೆಯಲ್ಲಿ ನಮ್ಮ ಹೆಸರಿನ ದೊಡ್ಡ ಸ್ಟೀಲ್ ಅಕ್ಷರಗಳಿವೆ. ಅವನ್ನೇನು ಮಾಡುವುದು?

ಉತ್ತರ: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಿಮ್ಮದು ಉಲ್ಟಾ ಕಥೆ. ಕಾಲು ಮಡಚಿ ಆಯಿತು, ಹಾಸಿಗೆ ಮಡಚಲು ಬರುತ್ತಿಲ್ಲ. ಬಾಡಿಗೆ ಪೂರ್ತಿ ಹಾಸಿಗೆಯದ್ದೇ ಹೋಗುತ್ತಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊಸ ಜಾಗ ನೋಡಲು ಹೋಗುವುದನ್ನು ಎರಡು ವಾರ ನಿಲ್ಲಿಸಿ. ಹೊಸ ಜಾಗಗಳು ಚೆನ್ನಾಗಿರುತ್ತವೆ. ಬೆಳಕು ಚೆನ್ನಾಗಿರುತ್ತದೆ, ಕುರ್ಚಿ ಹೊಸದು, ತೋರಿಸುವ ಹುಡುಗ ನಗುನಗುತ್ತಾ ಮಾತಾಡುತ್ತಾನೆ. ವಾಪಸ್ ಬಂದು ನಿಮ್ಮ ಖಾಲಿ ಸಾಲುಗಳನ್ನು ನೋಡಿದರೆ ಇವತ್ತೇ ಹೋಗಿಬಿಡೋಣ ಅನಿಸುತ್ತದೆ. ಆ ಮನಸ್ಸಿನಲ್ಲಿ ಸಹಿ ಹಾಕಿದವರು ಎರಡು ಕಡೆ ಬಾಡಿಗೆ ಕಟ್ಟಿದ್ದನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ನಿಮ್ಮ ಪ್ರಶ್ನೆ ಹೊಸ ಜಾಗದ್ದು ಅಂತ ಕಾಣುತ್ತದೆ. ನಿಜವಾಗಿ ಅದು ಹಳೆ ಜಾಗದ ಪ್ರಶ್ನೆ.

ಲೆಕ್ಕ ಹಾಕೋಣ. ನಿಮ್ಮ ಈಗಿನ ಬಾಡಿಗೆ ತಿಂಗಳಿಗೆ 100 ಅಂತ ಇಟ್ಟುಕೊಳ್ಳಿ. ಕರೆಂಟು, ಕ್ಲೀನಿಂಗ್, ಸೆಕ್ಯುರಿಟಿ, ಇಂಟರ್ನೆಟ್ ಎಲ್ಲ ಸೇರಿ ಇನ್ನೊಂದು 25. ಅಲ್ಲಿಗೆ 125. ಇದ್ದಲ್ಲೇ 14 ತಿಂಗಳು ಕೂತರೆ ಒಟ್ಟು 1750. ಹೊಸ ಜಾಗದಲ್ಲಿ ನಿಮಗೆ 30 ಸೀಟು ಸಾಕು ಅಂತ ಇಟ್ಟುಕೊಳ್ಳಿ (46 ಯಾಕಲ್ಲ ಅಂತ ಆಮೇಲೆ ಹೇಳುತ್ತೇನೆ). ಸೀಟಿಗೆ 1.4ರಂತೆ ತಿಂಗಳಿಗೆ 42. ಹಳೆ ಆಫೀಸ್‌ನಲ್ಲಿ ಎಲ್ಲ ಸೀಟಿಗೂ ಹಂಚಿದರೆ ಸೀಟಿಗೆ ಸುಮಾರು 1.06 ಬೀಳುತ್ತಿತ್ತು. ಅಂದರೆ ಸೀಟಿನ ಲೆಕ್ಕದಲ್ಲಿ ಹೊಸದು ದುಬಾರಿ. ತಿಂಗಳ ಬಿಲ್ಲಿನ ಲೆಕ್ಕದಲ್ಲಿ ಮೂರನೇ ಒಂದು ಭಾಗ. ಮಾರಾಟದವರು ಎರಡನೆಯದನ್ನು ತೋರಿಸುತ್ತಾರೆ, ನಿಮ್ಮ ಫೈನಾನ್ಸ್‌ನವರು ಮೊದಲನೆಯದನ್ನು ಹಿಡಿದು ಜಗಳಕ್ಕೆ ಬರುತ್ತಾರೆ. ಇಬ್ಬರೂ ಹೇಳದ ಮೂರನೇ ಲೆಕ್ಕ ಒಂದಿದೆ. ಹಳೆ ಮಾಲೀಕರು ಬಿಡದೇ ಹೋದರೆ ನೀವು ಕಟ್ಟುವುದು ಹಳೆ ಬಾಡಿಗೆ 100, ಹೊಸದರ 42, ಒಟ್ಟು 142. ಇದ್ದಲ್ಲೇ ಇರುವುದಕ್ಕಿಂತ ಜಾಸ್ತಿ! ಹಾಗಾದಾಗ ಹೋಗುವ ಮಾತೇ ಇಲ್ಲ. ಒಂದು ಮೂಲೆಗೆ ಎಲ್ಲರೂ ಸೇರಿಕೊಳ್ಳಿ, ಉಳಿದ ಕಡೆ ಲೈಟು, ಎಸಿ ಆರಿಸಿ, ಸುಮ್ನೆ ಕೂತಿರಿ.

ಮಾಲೀಕರು ದುಡ್ಡು ತೆಗೆದುಕೊಂಡು ಬಿಡಲು ಒಪ್ಪಿದರೆ ಲೆಕ್ಕ ಬೇರೆ. ಹೊಸ ಜಾಗಕ್ಕೆ 14 ತಿಂಗಳಿಗೆ 588. ಹಳೆಯದಕ್ಕೆ 5 ತಿಂಗಳ ಬಾಡಿಗೆ ಪರಿಹಾರವಾಗಿ ಕೊಟ್ಟರೆ 500. ಒಟ್ಟು 1088. ಉಳಿತಾಯ 662. ಎಷ್ಟು ತಿಂಗಳ ಬಾಡಿಗೆವರೆಗೆ ಕೊಟ್ಟರೂ ನಷ್ಟವಿಲ್ಲ? 1750ರಲ್ಲಿ 588 ಕಳೆಯಿರಿ. ಸುಮಾರು ಹನ್ನೊಂದೂವರೆ ತಿಂಗಳು. ಸಾಮಾನು ಸಾಗಿಸುವ ಖರ್ಚನ್ನು ನಾನು ಬೇಕೆಂದೇ ಸೇರಿಸಿಲ್ಲ. ಆಫೀಸನ್ನು ಮೊದಲಿನ ಸ್ಥಿತಿಗೆ ತಂದು ಕೊಡುವ ಖರ್ಚನ್ನೂ ಸೇರಿಸಿಲ್ಲ. 14 ತಿಂಗಳ ಮೇಲೆ ಹೋದರೂ ಅವು ತಪ್ಪುವುದಿಲ್ಲ, ಅಲ್ವಾ? ಎರಡೂ ಕಡೆ ಇರುವ ಖರ್ಚನ್ನು ಒಂದೇ ಕಡೆ ಬರೆದು "ಹೋಗುವುದು ದುಬಾರಿ" ಅಂತ ತೀರ್ಮಾನಿಸಿದ ಕಡತಗಳು ನನ್ನ ಮೇಜಿಗೆ ಬಂದಿವೆ.

ಹಾಗಂತ ಹನ್ನೊಂದು ತಿಂಗಳ ಬಾಡಿಗೆ ಕೊಟ್ಟುಬಿಡಿ ಅಂತಲ್ಲ. 14 ತಿಂಗಳಲ್ಲಿ ಹಂಚಿ ಕೊಡುವ ದುಡ್ಡೇ ಬೇರೆ, ಇವತ್ತು ಒಟ್ಟಿಗೆ ಎಣಿಸಿ ಕೊಡುವ ದುಡ್ಡೇ ಬೇರೆ. ಜನರನ್ನು ಇಳಿಸಿಕೊಂಡ ಕಂಪನಿಯ ಹತ್ತಿರ ನಗದು ಬಿಗಿಯಾಗಿರುತ್ತದೆ. ನನ್ನ ಕಣ್ಣಿಗೆ ನಿಮ್ಮ ಮಿತಿ 6 ಅಥವಾ 7 ತಿಂಗಳು. ಅದೂ ಡೆಪಾಸಿಟ್‌ನಲ್ಲಿ ಹಿಡಿದುಕೊಂಡು, ಉಳಿದದ್ದನ್ನು ಕಂತಿನಲ್ಲಿ. ಈ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿ. ಬರುವ ಮಿತಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತುಕತೆಗೆ ಹೋಗಿ. ಅಲ್ಲಿ ಕೂತಾಗ ಮಿತಿ ಬೆಳೆಯುತ್ತಾ ಹೋಗುತ್ತದೆ, ಅದಕ್ಕೆ ಹೇಳಿದೆ.

ಮಾಲೀಕರ ಹತ್ತಿರ ಹೋಗುವ ಮೊದಲು ಲೀಸ್ ಪೂರ್ತಿ ಓದಿ. ಮೂರು ಜಾಗದಲ್ಲಿ ಪೆನ್ಸಿಲ್ ಗೆರೆ ಹಾಕಿ. ಒಳಬಾಡಿಗೆಗೆ ಕೊಡಲು ಅನುಮತಿ ಇದೆಯಾ? ಬಿಡುವಾಗ ಆಫೀಸನ್ನು ಯಾವ ಸ್ಥಿತಿಯಲ್ಲಿ ಕೊಡಬೇಕು ಅಂತ ಬರೆದಿದೆ? ನಿರ್ದೇಶಕರು ಯಾರಾದರೂ ವೈಯಕ್ತಿಕ ಜಾಮೀನು ಹಾಕಿದ್ದಾರಾ? ಮೂರನೆಯದನ್ನು ಎಲ್ಲರೂ ಮರೆತಿರುತ್ತಾರೆ. ಕಂಪನಿ ಚೆನ್ನಾಗಿದ್ದ ದಿನ ಹಾಕಿದ ಸಹಿ ಅದು.

ಮಾಲೀಕರಿಗೆ ನಿಮ್ಮ ಕಷ್ಟ ಹೇಳಿ ಪ್ರಯೋಜನವಿಲ್ಲ. ಅವರ ಹೆದರಿಕೆ ಏನು ಅಂತ ನೋಡಿ. ಜಾಗ ಖಾಲಿ ಬೀಳುತ್ತದೆ ಅನ್ನುವುದೇ ಅವರ ಹೆದರಿಕೆ. ಹಾಗಾಗಿ ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಿ. ಮುಂದಿನ ಬಾಡಿಗೆದಾರನನ್ನು ನೀವೇ ಹುಡುಕಿ ತಂದರೆ ಅದಕ್ಕಿಂತ ದೊಡ್ಡ ಅಸ್ತ್ರ ಇಲ್ಲ. ಅದಾಗದಿದ್ದರೆ ಪಾರ್ಟಿಷನ್, ಮೇಜು, ಕುರ್ಚಿ, ಕೇಬಲ್ ಎಲ್ಲ ಹಾಗೇ ಬಿಟ್ಟುಹೋಗುತ್ತೇವೆ ಅನ್ನಿ. ಸಜ್ಜಾದ ಆಫೀಸ್ ಬೇಗ ಬಾಡಿಗೆಗೆ ಹೋಗುತ್ತದೆ. ನಿಮಗೂ ಒಡೆದು ಬಳಿದು ಕೊಡುವ ಖರ್ಚು ತಪ್ಪುತ್ತದೆ. ಅರ್ಧ ಜಾಗ ವಾಪಸ್ ತೆಗೆದುಕೊಳ್ಳಿ ಅಂತಲೂ ಕೇಳಬಹುದು. ಆದರೆ ಬಾಗಿಲು, ಶೌಚಾಲಯ, ಕರೆಂಟ್ ಮೀಟರ್ ಬೇರೆ ಬೇರೆ ಮಾಡಲು ಬರುವ ಮಹಡಿಯಾಗಿದ್ದರೆ ಮಾತ್ರ ಅದು ನಡೆಯುತ್ತದೆ.

ಇಲ್ಲೊಂದು ಬಲೆ ಇದೆ. "ಬಾಡಿಗೆ 25% ಇಳಿಸುತ್ತೇನೆ, ಇನ್ನು ಮೂರು ವರ್ಷಕ್ಕೆ ಸಹಿ ಹಾಕಿ" ಅಂತ ಮಾಲೀಕರು ಹೇಳಬಹುದು. ಬೆಳೆಯುತ್ತಿರುವ ಕಂಪನಿಗೆ ಇದು ಒಳ್ಳೆಯ ಮಾತು. ಕುಗ್ಗುತ್ತಿರುವ ಕಂಪನಿಗೆ ಇದು ಉರುಳು. ಈ ತಿಂಗಳ ನೋವು ಕಡಿಮೆಯಾಗುತ್ತದೆ, 14 ತಿಂಗಳ ಸಾಲ 36 ತಿಂಗಳಿಗೆ ಹಿಗ್ಗುತ್ತದೆ.

ಒಳಬಾಡಿಗೆ ಬಗ್ಗೆಯೂ ಒಂದು ಮಾತು. ನೀವು ಬೇರೆಯವರಿಗೆ ಕೊಟ್ಟರೂ ಮಾಲೀಕರ ಪಾಲಿಗೆ ಹೊಣೆಗಾರರು ನೀವೇ. ಅವರು ಕಟ್ಟದಿದ್ದರೆ ನೀವು ಕಟ್ಟಬೇಕು. ಲೀಸನ್ನೇ ಪೂರ್ತಿ ಅವರ ಹೆಸರಿಗೆ ವರ್ಗಾಯಿಸಿ, ನಿಮ್ಮನ್ನು ಬಿಡುಗಡೆ ಮಾಡಿದ್ದೇವೆ ಅಂತ ಬರೆಸಿಕೊಂಡರೆ ಮಾತ್ರ ನೀವು ಹೊರಗೆ.

ಸರಿ, ಹಳೆಯದು ಬಿಡಿಸಿಕೊಂಡಿರಿ ಅಂತ ಇಟ್ಟುಕೊಳ್ಳೋಣ. ಈಗ ಎಷ್ಟು ಸೀಟು ಅನ್ನುವುದು. 46 ಜನರಿಗೆ 46 ಸೀಟು ಅಂತ ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ಬಾಗಿಲಿನ ಕಾರ್ಡ್ ದಾಖಲೆ ತೆಗೆಸಿ. ಕಳೆದ ಎಂಟು ವಾರಗಳಲ್ಲಿ ಯಾವ ದಿನ ಎಷ್ಟು ಜನ ಬಂದಿದ್ದಾರೆ ನೋಡಿ. ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡುವ ಕಂಪನಿಗಳಲ್ಲಿ ನಾನು ನೋಡುವ ಚಿತ್ರ ಹೀಗಿರುತ್ತದೆ: ಸರಾಸರಿ 22, ವಾರದ ನಡುವಿನ ಒಂದು ದಿನ 34, ಶುಕ್ರವಾರ 11. ಸರಾಸರಿ ನೋಡಿ 22 ಸೀಟು ತೆಗೆದುಕೊಂಡರೆ ಆ ನಡುವಿನ ದಿನ ಜನ ನಿಂತಿರುತ್ತಾರೆ. 34 ತೆಗೆದುಕೊಂಡರೆ ವಾರದಲ್ಲಿ ನಾಲ್ಕು ದಿನ ಖಾಲಿ ಕುರ್ಚಿಗೆ ದುಡ್ಡು. ನಾನಾದರೆ 28ರಿಂದ 30 ತೆಗೆದುಕೊಂಡು, ಉಳಿದದ್ದಕ್ಕೆ ದಿನದ ಪಾಸ್ ಕೊಳ್ಳುತ್ತೇನೆ. ಅದರ ಜೊತೆ ಒಂದು ತಂಡದ ಜಂಟಿ ದಿನವನ್ನು ಬೇರೆ ದಿನಕ್ಕೆ ಸರಿಸುತ್ತೇನೆ. ಆ ಒಂದು ಬದಲಾವಣೆಯಿಂದಲೇ ಐದಾರು ಸೀಟು ಉಳಿದದ್ದುಂಟು.

ಯಾವ ಥರದ ಜಾಗ ಅನ್ನುವುದಕ್ಕೆ ಹೆಚ್ಚು ಹೊತ್ತು ಬೇಡ. ಎಲ್ಲ ಕಂಪನಿಯವರೂ ಒಂದೇ ಹಾಲ್‌ನಲ್ಲಿ ಕೂರುವ ಕೋವರ್ಕಿಂಗ್ ನಿಮ್ಮ ಗಾತ್ರಕ್ಕೆ ಆಗುವುದಿಲ್ಲ. ನಿಮ್ಮದೇ ಬಾಗಿಲು, ನಿಮ್ಮದೇ ಬೀಗ ಇರುವ ಸಜ್ಜಾದ ಕೋಣೆ ಬೇಕು. ರಿಸೆಪ್ಷನ್, ಮೀಟಿಂಗ್ ರೂಮ್ ಮಾತ್ರ ಎಲ್ಲರಿಗೂ ಸೇರಿದ್ದಿರಲಿ. ಇನ್ನು ಒಂದಿಡೀ ಮಹಡಿಯನ್ನು ನಿಮಗಾಗಿ ಸಜ್ಜು ಮಾಡಿಕೊಡುವ ಮ್ಯಾನೇಜ್ಡ್ ಆಫೀಸ್ ಅಂತ ಒಂದು ಬಗೆ ಇದೆ. ಅದರಲ್ಲಿ ಲಾಕ್-ಇನ್ ಬಂದೇ ಬರುತ್ತದೆ, ಸಜ್ಜು ಮಾಡಿದ ಖರ್ಚನ್ನು ಅವರು ನಿಮ್ಮಿಂದಲೇ ವಸೂಲಿ ಮಾಡಬೇಕಲ್ಲ. ಸದ್ಯಕ್ಕೆ ಅದು ನಿಮಗಲ್ಲ.

ಇನ್ನು 6 ತಿಂಗಳಾ, 24 ತಿಂಗಳಾ? ಮತ್ತೆ ಅದೇ ಅಂಕಿ. 24 ತಿಂಗಳಿಗೆ ಸಹಿ ಹಾಕಿದರೆ 20% ಕಡಿತದಲ್ಲಿ ಸೀಟಿಗೆ 1.12. 30 ಸೀಟಿಗೆ 24 ತಿಂಗಳಲ್ಲಿ ಸುಮಾರು 806. ಕಿರು ಅವಧಿಯ ದರದಲ್ಲೇ 24 ತಿಂಗಳು 30 ಸೀಟು ಇಟ್ಟುಕೊಂಡರೆ 1008. ವ್ಯತ್ಯಾಸ 202. ಈಗ ಒಂಬತ್ತು ತಿಂಗಳಾದ ಮೇಲೆ ನೀವು 20 ಸೀಟಿಗೆ ಇಳಿದಿರಿ ಅನ್ನಿ. ಕಿರು ಅವಧಿಯ ಒಪ್ಪಂದದಲ್ಲಿ ಮೊದಲ ಒಂಬತ್ತಕ್ಕೆ 378, ಉಳಿದ ಹದಿನೈದಕ್ಕೆ 420, ಒಟ್ಟು 798. ಆಗಲೇ 806ಕ್ಕಿಂತ ಕೆಳಗೆ ಬಂತು. ವರ್ಷದ ಕೊನೆಗೆ ಬಿಟ್ಟೇ ಹೋದರೆ 504ಕ್ಕೆ ಮುಗಿಯಿತು. ಹಾಗಾಗಿ ಆ 202 ನಿಮ್ಮ ವಿಮೆಯ ಕಂತು ಅಂದುಕೊಳ್ಳಿ. 35ಕ್ಕೆ ಇಳಿಯುತ್ತೇವೋ 60ಕ್ಕೆ ಏರುತ್ತೇವೋ ಗೊತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಗೊತ್ತಿಲ್ಲದವರು ಕಂತು ಕಟ್ಟಬೇಕು. ಎಷ್ಟು ಜನ ಅಂತ ನಿಮಗೆ ಖಚಿತವಾದ ದಿನ ಈ ಕಂತು ದಂಡ. ಆಗ ಮಾಮೂಲಿ ಲೀಸ್‌ಗೆ ವಾಪಸ್ ಹೋಗಿ.

ನಾನು ಕೇಳುವುದು ಹೀಗೆ: 6 ತಿಂಗಳ ಒಪ್ಪಂದ, ಅದೇ ದರಕ್ಕೆ ಮತ್ತೆ 6, ಮತ್ತೆ 6 ತಿಂಗಳು ಮುಂದುವರಿಸುವ ಹಕ್ಕು ನಮ್ಮದು. ಜೊತೆಗೆ ಮೂರು ತಿಂಗಳಿಗೊಮ್ಮೆ ಐದು ಸೀಟಿನವರೆಗೆ ಇಳಿಸುವ ಹಕ್ಕು. ಮೊದಲನೆಯದನ್ನು ಕೊಡುತ್ತಾರೆ. ಎರಡನೆಯದಕ್ಕೆ ಮುಖ ಸಿಂಡರಿಸುತ್ತಾರೆ. ಯಾಕೆಂದರೆ ಕೋಣೆಯ ಗೋಡೆ ಸರಿಯುವುದಿಲ್ಲವಲ್ಲ, ಐದು ಸೀಟು ಬಿಟ್ಟರೆ ಅದನ್ನು ಇನ್ನಾರಿಗೂ ಕೊಡಲು ಬರುವುದಿಲ್ಲ. ಅದಕ್ಕೆ ಮೊದಲೇ ಒಂದು 20ರ ಕೋಣೆ, ಪಕ್ಕದಲ್ಲಿ ಒಂದು 10ರ ಕೋಣೆ ಅಂತ ಎರಡು ಒಪ್ಪಂದ ಮಾಡಿಕೊಳ್ಳಿ. ಇಳಿಯಬೇಕಾದಾಗ ಚಿಕ್ಕದನ್ನು ಪೂರ್ತಿ ಬಿಡಬಹುದು. ಅವರಿಗೂ ಅದನ್ನು ಬೇರೆಯವರಿಗೆ ಕೊಡುವುದು ಸುಲಭ.

ಈಗ ಒಪ್ಪಂದದ ಒಳಗೆ ಹೋಗೋಣ. ಇದರಲ್ಲಿ ನೀವು ಕೊಳ್ಳುತ್ತಿರುವುದು ಕುರ್ಚಿ ಅಲ್ಲ, ಎದ್ದುಹೋಗುವ ಹಕ್ಕು. ಸೀಟಿಗೆ ಜಾಸ್ತಿ ಕೊಡುತ್ತಿರುವುದೇ ಅದಕ್ಕೆ. ಹಾಗಾಗಿ ಆ ಹಕ್ಕು ಕಾಗದದ ಮೇಲೆ ನಿಜವಾಗಿ ಇದೆಯಾ ಅಂತ ನೋಡಬೇಕು. "ಫ್ಲೆಕ್ಸಿಬಲ್" ಅಂತ ಕರಪತ್ರದಲ್ಲಿ ದೊಡ್ಡದಾಗಿ ಅಚ್ಚಾಗಿರುತ್ತದೆ, ಒಪ್ಪಂದದ ಹದಿನಾಲ್ಕನೇ ಪುಟದಲ್ಲಿ ತಾನಾಗಿ ನವೀಕರಣ ಅಂತ ಒಂದು ಸಾಲು ಇರುತ್ತದೆ. ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಲಿಖಿತವಾಗಿ ಬೇಡ ಅನ್ನದಿದ್ದರೆ ಮತ್ತೆ ಅಷ್ಟೇ ಅವಧಿಗೆ, ಹೊಸ ದರದಲ್ಲಿ ಮುಂದುವರಿಯುತ್ತದೆ ಅಂತ. 6 ತಿಂಗಳ ಒಪ್ಪಂದದಲ್ಲಿ ಮೂರು ತಿಂಗಳ ನೋಟಿಸ್ ಅಂದರೆ ನೀವು ಒಳಗೆ ಬಂದ ಮೂರನೇ ತಿಂಗಳಿಗೇ ತೀರ್ಮಾನ ಮಾಡಬೇಕು. ನೋಟಿಸ್ ಒಂದು ತಿಂಗಳಿಗೆ ಇಳಿಸಿ. ಅವರು ನಿಮಗೆ ಕೊಡಬೇಕಾದ ನೋಟಿಸ್ ಎಷ್ಟು ಅಂತಲೂ ನೋಡಿ. ನೀವು ಮೂರು ತಿಂಗಳು ಮೊದಲು ಹೇಳಬೇಕು, ಅವರು ಹದಿನೈದು ದಿನದಲ್ಲಿ ಎಬ್ಬಿಸಬಹುದು ಅನ್ನುವಂಥ ಒಪ್ಪಂದಗಳೂ ಇವೆ. ಬೇರೆ ಕೋಣೆಗೆ ಕಳಿಸುವ ಹಕ್ಕನ್ನೂ ಅವರು ಇಟ್ಟುಕೊಂಡಿರುತ್ತಾರೆ. ಅದನ್ನು ಪೂರ್ತಿ ತೆಗೆಸಲಾಗದಿದ್ದರೆ ಅದೇ ಕಟ್ಟಡ, ಅಷ್ಟೇ ಗಾತ್ರ, ಸಾಗಣೆ ಖರ್ಚು ಅವರದು ಅಂತ ಬರೆಸಿ.

ಸೀಟಿನ ದರದ ಹೊರಗೆ ಏನಿದೆ ಅಂತ ಕೇಳಿದರೆ "ಎಲ್ಲಾ ಸೇರಿದೆ ಸಾರ್" ಅಂತಾರೆ. ಹಾಗೆ ಕೇಳಬೇಡಿ. ನಿಮ್ಮಷ್ಟೇ ಜನರಿರುವ ಬೇರೆ ಬಾಡಿಗೆದಾರರ ಕಳೆದ ತಿಂಗಳ ಬಿಲ್, ಹೆಸರು ಅಳಿಸಿ ತೋರಿಸಿ ಅನ್ನಿ. ಅಲ್ಲಿ ಗೊತ್ತಾಗುತ್ತದೆ. ಮೀಟಿಂಗ್ ರೂಮ್ ತಿಂಗಳಿಗೆ ಇಷ್ಟು ಗಂಟೆ ಉಚಿತ, ಆಮೇಲೆ ಗಂಟೆಗಿಷ್ಟು. ಸಂಜೆ ಎಸಿ ಆರಿದ ಮೇಲೆ ಬೇಕಾದರೆ ಬೇರೆ ದುಡ್ಡು. ಪಾರ್ಕಿಂಗ್, ಪ್ರಿಂಟು, ಕಳೆದುಹೋದ ಕಾರ್ಡು, ಬಿಡುವಾಗ ಬಣ್ಣ ಹೊಡೆಯುವ ಶುಲ್ಕ. ನಿಮ್ಮಲ್ಲಿ ರಾತ್ರಿ ಪಾಳಿ ಇದ್ದರೆ ಎಸಿಯದ್ದೊಂದೇ ನಿಮ್ಮ ಲೆಕ್ಕ ಕೆಡಿಸಬಹುದು.

ಸಂಸ್ಥೆ ದೊಡ್ಡದು, ಹೆಸರಿದೆ ಅಂತ ನಂಬಿ ಕೂರುವ ಹಾಗೂ ಇಲ್ಲ. ಈ ವ್ಯಾಪಾರದ ಬೇರು ಎಲ್ಲಿದೆ ನೋಡಿ. ಇವರಲ್ಲಿ ಹಲವರು ಕಟ್ಟಡದವರಿಂದ ಹತ್ತು ಹದಿನೈದು ವರ್ಷಕ್ಕೆ ಜಾಗ ಹಿಡಿದು, ನಮ್ಮಂಥವರಿಗೆ ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಕಟ್ಟುವುದು ನಿಶ್ಚಿತ, ಬರುವುದು ಅನಿಶ್ಚಿತ. ಮಾರುಕಟ್ಟೆ ಬಿದ್ದಾಗ ಮೊದಲು ಎದ್ದುಹೋಗುವವರು ನಾವೇ. 1989ರಲ್ಲಿ ಬ್ರಸೆಲ್ಸ್‌ನಲ್ಲಿ ಶುರುವಾದ ರೀಗಸ್ ಈ ವ್ಯಾಪಾರದ ಹಿರಿಯ ಹೆಸರು. ಡಾಟ್‌ಕಾಮ್ ಕುಸಿತದ ನಂತರ 2003ರ ಜನವರಿಯಲ್ಲಿ ಅದರ ಅಮೆರಿಕದ ವಿಭಾಗ ದಿವಾಳಿ ರಕ್ಷಣೆಗೆ ಅರ್ಜಿ ಹಾಕಬೇಕಾಯಿತು. ಆಮೇಲೆ ಚೇತರಿಸಿಕೊಂಡಿತು. 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ವಿವರ್ಕ್ ಕೂಡ 2023ರ ನವೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಹಲವು ಕಟ್ಟಡಗಳ ಲೀಸ್ ಕೈಬಿಟ್ಟು 2024ರಲ್ಲಿ ಹೊರಬಂತು. ಕಂಪನಿ ಉಳಿಯಿತು ಸರಿ, ಕೈಬಿಟ್ಟ ಕಟ್ಟಡದಲ್ಲಿ ಕೂತಿದ್ದವರ ಗತಿ? ಅವರು ಹೊಸ ಜಾಗ ಹುಡುಕಬೇಕು. ಇಂಥ ಒಪ್ಪಂದಗಳು ಬಹಳಷ್ಟು ಕಡೆ ಲೀಸ್ ಅಲ್ಲ, ಬಳಸಲು ಕೊಟ್ಟ ಪರವಾನಗಿ ಅಷ್ಟೇ. ಬಾಡಿಗೆದಾರನಿಗೆ ಕಾನೂನು ಕೊಡುವ ರಕ್ಷಣೆ ಅದರಲ್ಲಿ ಸಿಗದೇ ಹೋಗಬಹುದು. ಅದಕ್ಕೆ ಎರಡು ಕೆಲಸ ಮಾಡಿ. ಆ ಕಟ್ಟಡದಲ್ಲಿ ಅವರ ಸ್ವಂತ ಲೀಸ್ ಇನ್ನೆಷ್ಟು ಕಾಲ ಇದೆ ಅಂತ ಕೇಳಿ. ಡೆಪಾಸಿಟ್ ಒಂದು ಅಥವಾ ಎರಡು ತಿಂಗಳಿಗಿಂತ ಜಾಸ್ತಿ ಕೊಡಬೇಡಿ. ಒಂದು ವರ್ಷದ ದುಡ್ಡು ಮುಂಗಡ ಕೊಟ್ಟರೆ ಭಾರೀ ರಿಯಾಯಿತಿ ಅಂದರೆ ಇನ್ನೂ ಬೇಡ. ಆ ದುಡ್ಡಿನ ಅಗತ್ಯ ಅವರಿಗೆ ಯಾಕೆ ಬಂತು ಅನ್ನುವುದೇ ಮೊದಲ ಪ್ರಶ್ನೆ.

ಲೆಕ್ಕಪತ್ರದವರಿಗೆ ಒಂದು ಪ್ಯಾರಾ. ನೀವು ಅಂತರರಾಷ್ಟ್ರೀಯ ಮಾನದಂಡ ಪಾಲಿಸುವವರಾದರೆ, 2019ರ ಜನವರಿ 1ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 16ರ ಪ್ರಕಾರ ಹೆಚ್ಚಿನ ಲೀಸ್‌ಗಳು ಬ್ಯಾಲೆನ್ಸ್ ಶೀಟ್ ಮೇಲೆ ಬರಬೇಕು. 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯವಕ್ಕೆ ವಿನಾಯಿತಿ ಇದೆ. ಆದರೆ ಮುಂದುವರಿಸುವ ಹಕ್ಕನ್ನು ಬಳಸುವುದು ಬಹುತೇಕ ಖಚಿತ ಅಂತಿದ್ದರೆ ಆ ತಿಂಗಳುಗಳನ್ನೂ ಅವಧಿಗೆ ಸೇರಿಸಬೇಕು. ನಾನು ಮೇಲೆ ಹೇಳಿದ ಆರು, ಆರು, ಆರು ತಿಂಗಳ ವ್ಯವಸ್ಥೆಯನ್ನು ಆಡಿಟರ್ ಇದೇ ಕಣ್ಣಲ್ಲಿ ನೋಡುತ್ತಾರೆ. ಇನ್ನೊಂದು ಕಡೆ, ನಿಮ್ಮನ್ನು ಯಾವ ಕೋಣೆಗೆ ಬೇಕಾದರೂ ಸರಿಸುವ ನಿಜವಾದ ಹಕ್ಕು ಅವರಿಗಿದ್ದು, ಹಾಗೆ ಸರಿಸುವುದು ಅವರಿಗೆ ಲಾಭವೂ ಆಗಿದ್ದರೆ, ಅದು ಆ ಮಾನದಂಡದ ಪ್ರಕಾರ ಲೀಸೇ ಆಗದಿರಬಹುದು. ಹಳೆ ಆಫೀಸ್ ಖಾಲಿ ಬಿದ್ದಿದ್ದರೆ ಪುಸ್ತಕದಲ್ಲಿರುವ ಅದರ ಬೆಲೆಯನ್ನು ಇಳಿಸಬೇಕಾ ಅನ್ನುವ ಪ್ರಶ್ನೆಯೂ ಏಳುತ್ತದೆ. ಇದನ್ನೆಲ್ಲ ಸಹಿಗೆ ಮೊದಲು ಆಡಿಟರ್ ಜೊತೆ ಮಾತಾಡಿ.

ಈಗ ಕಾಗದದಲ್ಲಿ ಇಲ್ಲದ ಒಂದು ವಿಷಯ. ನಿಮ್ಮಲ್ಲಿ ಇನ್ನೂ ಕೆಲವರು ಹೋಗಬೇಕಾಗಬಹುದು ಅಂತ ನಿಮ್ಮ ಪ್ರಶ್ನೆಯಲ್ಲೇ ಇದೆ. ನಾನು ಸ್ಥಳಾಂತರ ನೋಡಿಕೊಂಡ ಒಂದು ಕಂಪನಿ ಹೀಗೇ ಸಜ್ಜಾದ ಆಫೀಸ್‌ಗೆ ಬಂತು. ಸೊಗಸಾದ ಜಾಗ, ಎಲ್ಲ ಕಡೆ ಗಾಜು. ಎರಡು ತಿಂಗಳ ಮೇಲೆ ಆರು ಜನರನ್ನು ಬಿಡಬೇಕಾಯಿತು. ಎಚ್‌ಆರ್‌ನವರು ಮೀಟಿಂಗ್ ರೂಮನ್ನು ಅರ್ಧರ್ಧ ಗಂಟೆಯಂತೆ ಬುಕ್ ಮಾಡಿದರು. ಬಾಗಿಲ ಪಕ್ಕದ ಸಣ್ಣ ಪರದೆಯಲ್ಲಿ ಕಂಪನಿ ಹೆಸರು, ಹೊತ್ತು, "ವೈಯಕ್ತಿಕ ಮಾತುಕತೆ" ಅಂತ ಆರು ಸಲ ಸಾಲಾಗಿ ಬಂತು. ಗಾಜಿನ ಆಚೆ ಬೇರೆ ಕಂಪನಿಯವರು ಓಡಾಡುತ್ತಿದ್ದರು. ಮೂರನೆಯವರು ಒಳಗೆ ಹೋಗುವಷ್ಟರಲ್ಲಿ ಉಳಿದ ಮೂವರು ಯಾರು ಅಂತ ಎಲ್ಲರಿಗೂ ಅಂದಾಜಾಗಿತ್ತು. ಒಬ್ಬರು ಅಳುತ್ತಾ ಹೊರಬಂದು ಲಿಫ್ಟ್‌ಗೆ ಕಾಯುತ್ತಾ ಅಪರಿಚಿತರ ನಡುವೆ ನಿಂತಿದ್ದರು. ತಪ್ಪು ನನ್ನದೂ ಹೌದು. ಜಾಗ ನೋಡುವಾಗ ನಾನು ಕುರ್ಚಿ ಎಣಿಸಿದ್ದೆ, ಗೋಡೆ ಎಣಿಸಿರಲಿಲ್ಲ. ಅವತ್ತಿನಿಂದ ಗಾಜಿಲ್ಲದ, ಶಬ್ದ ಹೊರಗೆ ಹೋಗದ ಒಂದು ಪುಟ್ಟ ಕೋಣೆ ಇದೆಯಾ ಅಂತ ನೋಡದೆ ಜಾಗ ಒಪ್ಪುವುದಿಲ್ಲ. ಒಬ್ಬರನ್ನು ಒಳಗೆ ನಿಲ್ಲಿಸಿ ಮಾಮೂಲಿ ದನಿಯಲ್ಲಿ ಮಾತಾಡಿಸಿ, ನಾನು ಹೊರಗೆ ನಿಂತು ಕೇಳುತ್ತೇನೆ.

ಉಳಿದ ಜನರಿಗೂ ಮೊದಲೇ ಹೇಳಿ. ಚಿಕ್ಕ ಆಫೀಸ್‌ಗೆ ಹೋಗುತ್ತಿದ್ದೇವೆ ಅನ್ನುವ ಸುದ್ದಿ ಮೇಲ್‌ನಲ್ಲಿ ಬಂದರೆ, ಅದನ್ನು ಎಲ್ಲರೂ "ಮುಂದಿನ ಪಟ್ಟಿ ರೆಡಿಯಾಗಿದೆ" ಅಂತಲೇ ಓದುತ್ತಾರೆ. ಎಷ್ಟು ತಿಂಗಳ ಬಾಡಿಗೆ ಉಳಿಯುತ್ತದೆ, ಅದು ಎಷ್ಟು ಸಂಬಳಕ್ಕೆ ಸಮ ಅಂತ ಎದುರಿಗೆ ನಿಂತು ಹೇಳಿ. ಹೊಸ ಜಾಗಕ್ಕೆ ಯಾರಿಗೆ ಎಷ್ಟು ಹೊತ್ತು ಪ್ರಯಾಣ ಜಾಸ್ತಿ ಆಗುತ್ತದೆ ಅಂತಲೂ ಮೊದಲೇ ನೋಡಿಕೊಳ್ಳಿ. ದಿನಕ್ಕೆ ಒಂದು ಗಂಟೆ ಜಾಸ್ತಿಯಾದ ಒಳ್ಳೆ ಇಂಜಿನಿಯರ್ ಬಿಟ್ಟುಹೋದರೆ ಉಳಿಸಿದ ಬಾಡಿಗೆ ಅವರ ಜಾಗ ತುಂಬುವುದಕ್ಕೇ ಹೋಗುತ್ತದೆ.

ಸಾಗಣೆ. ಹಳೆಯದು, ಹೊಸದು ಎರಡೂ ಕೈಯಲ್ಲಿರುವ ಹಾಗೆ ಎರಡು ವಾರ ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ನಿಮ್ಮಲ್ಲಿ ಸರ್ವರ್ ರಾಕ್ ಇದ್ದರೆ ಅದೇ ಮೊದಲ ತಲೆನೋವು. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಅದನ್ನು ಇಡಲು ಬಿಡುವುದಿಲ್ಲ, ಬಿಟ್ಟರೂ ರಾತ್ರಿ ಎಸಿ ಇರುವುದಿಲ್ಲ. ಡೇಟಾ ಸೆಂಟರ್‌ಗೋ ಕ್ಲೌಡ್‌ಗೋ ಮೊದಲು ಕಳಿಸಿ, ಆಮೇಲೆ ಜನ ಹೋಗಲಿ. ವೈಫೈ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಅಂದರೆ ಒಪ್ಪಬೇಡಿ. ನಿಮಗೆ ಬೇರೆ ನೆಟ್‌ವರ್ಕ್ ಕತ್ತರಿಸಿ ಕೊಡಲಿ. ನಿಮ್ಮ ಗ್ರಾಹಕರ ಒಪ್ಪಂದಗಳನ್ನೂ ಒಮ್ಮೆ ತಿರುವಿ ನೋಡಿ. ಹಂಚಿಕೊಂಡ ಕಟ್ಟಡದಲ್ಲಿ ತಮ್ಮ ಕೆಲಸ ಮಾಡಬಾರದು ಅಂತ ಯಾರಾದರೂ ಬರೆಸಿರಬಹುದು.

ಬಾಡಿಗೆಗೆ ತಂದ ಝೆರಾಕ್ಸ್ ಮೆಷಿನ್ ವಾಪಸ್ ಕೊಡುವಾಗ ಅದರ ಹಾರ್ಡ್‌ಡಿಸ್ಕ್ ಅಳಿಸಿದ್ದಾರಾ ನೋಡಿ. ಆಫೀಸ್‌ನ ದೊಡ್ಡ ಮೆಷಿನ್‌ಗಳಲ್ಲಿ ಡಿಸ್ಕ್ ಇರುತ್ತದೆ, ನೀವು ತೆಗೆದ ಪ್ರತಿಗಳ ಚಿತ್ರ ಅದರಲ್ಲಿ ಉಳಿದಿರಬಹುದು. ಸಂಬಳದ ಪಟ್ಟಿ, ಬಿಡುಗಡೆ ಪತ್ರ ಎಲ್ಲ ಅದರಲ್ಲೇ ತಾನೆ ಹೋದದ್ದು?

ಹಳೆ ಕುರ್ಚಿ ಮೇಜು ಗೋದಾಮಿನಲ್ಲಿ ಇಡೋಣ, ಮುಂದೆ ಬೇಕಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಒಂದು ವರ್ಷದ ಗೋದಾಮಿನ ಬಾಡಿಗೆಯ ಪಕ್ಕದಲ್ಲಿ ಆ ಕುರ್ಚಿಗಳ ಸೆಕೆಂಡ್‌ಹ್ಯಾಂಡ್ ಬೆಲೆ ಬರೆದು ತೋರಿಸಿ, ಸುಮ್ಮನಾಗುತ್ತಾರೆ. ಮಾಲೀಕರು ಇಟ್ಟುಕೊಳ್ಳದಿದ್ದರೆ ಕೆಲಸದವರಿಗೆ ಕೊಡಿ, ಮನೆಯಿಂದ ಕೆಲಸ ಮಾಡುವ ದಿನಕ್ಕೆ ಆಗುತ್ತದೆ.

ನೋಂದಾಯಿತ ವಿಳಾಸ ಬದಲಿಸುವುದನ್ನು ಸಾಗಣೆಗೆ ಮೊದಲೇ ಶುರು ಮಾಡಿ. ಹೊಸ ಜಾಗದವರು ವಿಳಾಸ ಬಳಸಲು ಒಪ್ಪಿಗೆ ಪತ್ರ ಕೊಡುತ್ತಾರಾ, ಅದಕ್ಕೂ ದುಡ್ಡು ಕೇಳುತ್ತಾರಾ ನೋಡಿ. ಹಳೆ ವಿಳಾಸಕ್ಕೆ ಬಂದ ಒಂದು ತೆರಿಗೆ ನೋಟಿಸ್ ಖಾಲಿ ಕಟ್ಟಡದ ಕಾವಲುಗಾರರ ಮೇಜಿನ ಡ್ರಾಯರ್‌ನಲ್ಲಿ ಎರಡು ತಿಂಗಳು ಮಲಗಿದ್ದನ್ನು ನಾನೇ ಹೊರಗೆ ತೆಗೆದಿದ್ದೇನೆ.

ಕೊನೆಗೆ ನಿಮ್ಮ ಸ್ಟೀಲ್ ಅಕ್ಷರಗಳು. ಹೊಸ ಜಾಗದಲ್ಲಿ ಹೊರಗೆ ಹಾಕಲು ಬಿಡುವುದಿಲ್ಲ, ರಿಸೆಪ್ಷನ್ ಅವರದು. ನಿಮ್ಮ ಕೋಣೆ ಬಾಗಿಲಿಗೆ ಒಂದು ಸ್ಟಿಕ್ಕರ್, ಅಷ್ಟೇ. ಅಕ್ಷರಗಳನ್ನು ಬಿಚ್ಚಿ ಹಳೆ ಬಟ್ಟೆಯಲ್ಲಿ ಸುತ್ತಿ ಯಾರದಾದರೂ ಮನೆಯಲ್ಲಿಡಿ, ಜಾಗ ಹೆಚ್ಚು ತಿನ್ನುವುದಿಲ್ಲ. ಬಿಚ್ಚಿದ ಮೇಲೆ ಗೋಡೆಯಲ್ಲಿ ಒಂದೊಂದು ಅಕ್ಷರಕ್ಕೆ ಎರಡೋ ಮೂರೋ ತೂತು ಉಳಿಯುತ್ತದೆ, ಸುತ್ತ ಬಣ್ಣ ಮಾಸದ ಗುರುತೂ ಉಳಿಯುತ್ತದೆ. ಆಫೀಸ್ ಒಪ್ಪಿಸುವ ದಿನ ಮಾಲೀಕರ ಕಡೆಯವರು ಟಾರ್ಚ್ ಹಿಡಿದು ಬರುತ್ತಾರೆ. ಕಾರ್ಪೆಟ್ ಕಿತ್ತ ಕಡೆ ಗೋಂದು, ಸೀಲಿಂಗ್‌ನಲ್ಲಿ ಕತ್ತರಿಸಿ ಬಿಟ್ಟ ಕೇಬಲ್ ತುದಿ, ಎಲ್ಲ ಬರೆದುಕೊಳ್ಳುತ್ತಾರೆ. ಅದಕ್ಕೆ ಮೊದಲೇ ತೂತು ಮುಚ್ಚಿಸಿ, ಇಡೀ ಗೋಡೆಗೆ ಒಂದು ಕೋಟ್ ಹೊಡೆಸಿ, ತಾರೀಖು ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ತೂತಿಗೆ ಇಷ್ಟು ಅಂತ ಎಣಿಸಿ ಡೆಪಾಸಿಟ್‌ನಲ್ಲಿ ಹಿಡಿದುಕೊಂಡವರನ್ನೂ ನೋಡಿದ್ದೇನೆ. ಆ ಕಂಪನಿಯ ಹೆಸರಿನಲ್ಲಿ ಹತ್ತೊಂಬತ್ತು ಅಕ್ಷರ ಇತ್ತು.